ಪಿಟೀಲು ಮೇಷ್ಟ್ರ ಕೋಟಿನ ಬೆನ್ನು

ರಫೂ ಅಕ್ಕನಿಗೆ ಚಾಳೀಸು ಬಂದಿದೆ ಎಂಬುದು ಬೀದಿಗೆಲ್ಲ ಗೊತ್ತಿತ್ತು, ರಫೂ ಅಕ್ಕನೊಬ್ಬಳನ್ನು ಬಿಟ್ಟು. ಐವತ್ತು ದಾಟಿದ ಮೇಲೆ ಹತ್ತಿರದ್ದೆಲ್ಲ ಮಂಜಾಗುವುದು ಯಾರನ್ನೂ ಬಿಟ್ಟ ವಿಷಯವಲ್ಲ, ಅದಕ್ಕೆ ನಾಚಿಕೊಳ್ಳುವಂಥದ್ದೂ ಏನಿಲ್ಲ. ಆದರೆ ಅವಳ ಪ್ರಕಾರ ಕೆಟ್ಟಿದ್ದು ಅವಳ ಕಣ್ಣಲ್ಲ, ಕಾಲ. ಸೂಜಿ ಮಾಡುವವರು ಈಚೆಗೆ ಜಿಪುಣರಾಗಿ ಸೂಜಿಗೆ ತೂತನ್ನೇ ಇಡುತ್ತಿರಲಿಲ್ಲ. ಮಿಲ್ಲಿನವರು ನೂಲಿನಲ್ಲಿ ಕಳ್ಳತನ ಮಾಡಿ ಎಳೆಯನ್ನು ತೆಳ್ಳಗಾಗಿಸಿದ್ದರು. ಔಷಧಿ ಬಾಟಲಿಯ ಮೇಲೆ ಬರೆಯುವವರು, ರೋಗಿ ಎಲ್ಲಿ ಓದಿಬಿಟ್ಟಾನೋ ಎಂಬ ಹೆದರಿಕೆಯಿಂದಲೇ ಅಷ್ಟು ಸಣ್ಣಗೆ ಬರೆಯುತ್ತಿದ್ದರು. ಅವಳು ದಿನಪತ್ರಿಕೆಯನ್ನು ಎರಡೂ ಕೈ ಚಾಚಿ, ಕುತ್ತಿಗೆಯನ್ನು ಹಿಂದಕ್ಕೆಳೆದುಕೊಂಡು, ಹಾವು ಹಿಡಿದವಳ ಹಾಗೆ ಹಿಡಿದು ಓದುವುದನ್ನು ನೋಡಿ ಗಂಡ ಮೀಸೆಯಡಿಯಲ್ಲಿ ನಗುತ್ತಿದ್ದ.

"ಕೈ ಸಾಲ್ತಾ ಇಲ್ಲ ಕಣೇ ನಿಂಗೆ. ಎದುರುಮನೆ ಬಾಗಿಲಲ್ಲಿ ನಾನು ಹಿಡ್ಕೊಂಡು ನಿಂತ್ಕೊಳ್ಲಾ?" ಅನ್ನುತ್ತಿದ್ದ.

"ನಿಮ್ಮ ಸೋಡಾಬುಡ್ಡಿ ನೀವು ನೋಡ್ಕೊಳ್ಳಿ, ನನ್ನ ಕಣ್ಣಿನ ಉಸಾಬರಿ ನಿಮಗ್ಯಾಕೆ?" ಅನ್ನುತ್ತಿದ್ದಳು ಅವಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಲಾಂಡ್ರಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಎರಡು ಕೋಣೆಯ ಮನೆ ಅವರದು. ಬೀದಿಯ ಕಡೆಯ ಕೋಣೆಯೇ ಅವಳ ಅಂಗಡಿ. ಒಂದು ಉದ್ದ ಮೇಜು, ಬಿಸಿಲು ಬೀಳುವ ದೊಡ್ಡ ಕಿಟಕಿ, ಕೂತು ಕೂತು ನುಣುಪಾದ ಒಂದು ಸ್ಟೂಲು. ಒಳಗಿನ ಕೋಣೆಯಲ್ಲಿ ಸಂಸಾರ. ಪಕ್ಕದ ಲಾಂಡ್ರಿಯವನು ಒಗೆಯಲು ಬಂದ ಬಟ್ಟೆಯಲ್ಲಿ ಹರಿದದ್ದು ಕಂಡರೆ ನೇರ ಇವಳ ಮೇಜಿಗೆ ತಂದು ಹಾಕುತ್ತಿದ್ದ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದನ್ನು ಕರೆಯುವವರು ಒಬ್ಬೊಬ್ಬರೇ ತೀರಿಹೋಗಿ ಈಗ ಅದು ಯಾರ ನಾಲಿಗೆಯ ಮೇಲೂ ಇರಲಿಲ್ಲ. ಲೋಕಕ್ಕೆಲ್ಲ ಅವಳು ರಫೂ ಅಕ್ಕ. ಗಂಡ ಕೂಡ ಮುನಿಸಿಕೊಂಡಾಗ "ಏನು ರಫೂ ಅಕ್ಕಾ?" ಎಂದೇ ಮಾತು ತೆಗೆಯುತ್ತಿದ್ದ. ಆ ಕೆಲಸವೊಂದನ್ನು ತೆಗೆದುಬಿಟ್ಟರೆ ತನ್ನಲ್ಲಿ ಉಳಿಯುವುದು ಏನು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಯೋಚಿಸುವ ಪ್ರಸಂಗ ಬಂದಿರಲಿಲ್ಲ.

ರಫೂ ಅಂದರೆ ತೇಪೆಯಲ್ಲ. ತೇಪೆ ಅಂದರೆ ಅವಳಿಗೆ ಬೈದ ಹಾಗೆ. ಕೋಟಿಗೆ ಮೊಳೆ ತಾಗಿ ಹರಿದರೆ, ಶಾಲಿಗೆ ಕಿಡಿ ಬಿದ್ದು ತೂತಾದರೆ, ಅದೇ ಬಟ್ಟೆಯ ಒಳಮಡಿಕೆಯಿಂದ, ಯಾರ ಕಣ್ಣಿಗೂ ಬೀಳದ ಜಾಗದಿಂದ ಒಂದೊಂದೇ ಎಳೆ ಬಿಡಿಸಿ ತೆಗೆಯಬೇಕು. ಆ ಎಳೆಗಳನ್ನು ತೂತಿನ ಈ ದಡದಿಂದ ಆ ದಡಕ್ಕೆ ಹಾಸಬೇಕು. ಆಮೇಲೆ ಅಡ್ಡಲಾಗಿ ಹೊಕ್ಕು ಹಾಕುತ್ತ, ಒಂದರ ಮೇಲೆ, ಒಂದರ ಕೆಳಗೆ, ಮಗ್ಗದಲ್ಲಿ ಹೇಗೆ ನೇಯ್ದಿದ್ದರೋ ಹಾಗೆಯೇ ಮತ್ತೆ ನೇಯಬೇಕು. ಕೊನೆಗೆ ಅಲ್ಲಿ ಏನೂ ಆಗಿಯೇ ಇಲ್ಲ ಅನ್ನಿಸಬೇಕು. ಏನೂ ಆಗಿಲ್ಲ ಅನ್ನಿಸುವುದಕ್ಕಾಗಿ ದಿನವಿಡೀ ಬೆನ್ನು ಬಗ್ಗಿಸುವ ಕೆಲಸ ಅದು. ಹೊಗಳಿಕೆಗೆ ಬಾಯಿಬಿಟ್ಟುಕೊಂಡು ಕೂರುವವರಿಗೆ ಹೇಳಿಸಿದ್ದಲ್ಲ.

ಇದನ್ನು ಅವಳಿಗೆ ಕಲಿಸಿದವಳು ಸೋದರತ್ತೆ, ಅಪ್ಪನ ಅಕ್ಕ. ಮಾತು ಕಡಿಮೆ, ತಲೆಗೆ ಮೊಟಕುವುದು ಜಾಸ್ತಿ. ಕೆಲಸ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ಆ ಅತ್ತೆ ಒಂದು ಪರೀಕ್ಷೆ ಇಟ್ಟಿದ್ದಳು. ಬಟ್ಟೆಯನ್ನು ಮುಖಕ್ಕೆ ಹತ್ತಿರ, ಉಸಿರು ತಾಗುವಷ್ಟು ಹತ್ತಿರ ಹಿಡಿಯಬೇಕು. ಹಿಡಿದು ರಫೂ ಎಲ್ಲಿದೆ ಎಂದು ಹುಡುಕಬೇಕು. ಮಾಡಿದ ನಿನ್ನ ಕಣ್ಣಿಗೇ ಅದು ಸಿಗದೆ ಹೋದರೆ ಸೂಜಿ ಕೆಳಗಿಡು, ಸಿಕ್ಕರೆ ಬಿಚ್ಚು. ಅತ್ತೆ ಹೋಗಿ ಬಹಳ ಕಾಲವಾಗಿತ್ತು. ಪರೀಕ್ಷೆ ಮಾತ್ರ ನಿಂತಿರಲಿಲ್ಲ. ರಫೂ ಅಕ್ಕ ಅದಕ್ಕೆ ತನ್ನದೂ ಒಂದು ಸೇರಿಸಿಕೊಂಡಿದ್ದಳು. ಬಟ್ಟೆ ತೆಗೆದುಕೊಂಡು ಹೋಗಲು ಬಂದವರ ಎದುರು ಅದನ್ನು ಮೇಜಿನ ಮೇಲೆ ಹರಡಿ, ಕೈಕಟ್ಟಿ ನಿಂತು, "ಹುಡುಕಿ" ಅನ್ನುತ್ತಿದ್ದಳು. ಅವರು ಹುಡುಕಿ ಬೆರಳಿಟ್ಟರೆ ಅವರೆದುರಿಗೇ ಬಿಚ್ಚಿ, ಮತ್ತೆ ಮಾಡಿ ಕೊಡುವುದು. ಅಷ್ಟು ಗರ್ವ ಅವಳಿಗಿತ್ತು. ಕೈ ಅಂಥದ್ದು, ಇರಬೇಕಾದ್ದೇ.

ಇನ್ನು ಗಂಡ. ಅವನು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಬೀದಿಯವರ ಬಾಯಲ್ಲಿ ಪ್ರೂಫ್ ಮಾವ. ಮೂಗಿನ ಮೇಲೆ ಹೊತ್ತ ಕನ್ನಡಕ ತೆಗೆದರೆ ಎದುರಿಗಿರುವುದು ಕಂಬವೋ ಕುದುರೆಯೋ ಅವನಿಗೆ ತಿಳಿಯದು. ಆದರೆ ಅದೇ ಬರಿಗಣ್ಣಿಗೆ ಒಂದು ಗೇಣು ದೂರದೊಳಗೆ ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಕಾಗದವನ್ನು ಮೂಗಿಗೆ ತಾಗಿಸಿ ಹಿಡಿದ ಅಂದರೆ ಬಾಲ ಮುರಿದ ಅಲ್ಪವಿರಾಮ ಕೂಡ ಸಿಕ್ಕಿಬೀಳುತ್ತಿತ್ತು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುನ್ನ ಅವಳಿಗೆ ಒಂದಷ್ಟು ಸೂಜಿಗೆ ನೂಲು ಏರಿಸಿ, ಸೂಜಿದಿಂಬಿಗೆ ಚುಚ್ಚಿಟ್ಟು ಹೋಗುವುದು ಅವನ ಅಭ್ಯಾಸವಾಗಿತ್ತು. "ನನ್ನ ಹೊತ್ತು ಉಳಿಯುತ್ತೆ ಅಂತ ಅಷ್ಟೇ, ಏರಿಸೋಕೆ ಬರಲ್ಲ ಅಂತಲ್ಲ" ಎಂದು ಅವಳು ದಿನವೂ ಹೇಳುವಳು. ಅವನು ದಿನವೂ ಹೂಂಗುಟ್ಟುವನು.

ಹೀಗಾಗಿ ಆ ಮನೆಯಲ್ಲೊಂದು ತಮಾಷೆ ನಡೆದಿತ್ತು. ಅವನಿಗೆ ಹತ್ತಿರದ್ದು ಮಾತ್ರ ಕಾಣುತ್ತಿತ್ತು, ಅವಳಿಗೆ ದೂರದ್ದು ಮಾತ್ರ. ಸಂಜೆ ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಮೇಲೆ, ಇಬ್ಬರೂ ಒಬ್ಬರನ್ನೊಬ್ಬರು ಒಟ್ಟಿಗೆ ಸರಿಯಾಗಿ ನೋಡಬಹುದಾದ ಒಂದು ಜಾಗವೂ ಆ ಎರಡು ಕೋಣೆಗಳಲ್ಲಿ ಇರಲಿಲ್ಲ. ಅವಳು ಬಾಗಿಲ ಬಳಿ ನಿಂತಾಗ ಅವಳಿಗೆ ಅವನು ಕಾಣುತ್ತಿದ್ದ, ಅವನಿಗೆ ಅವಳು ಬರೀ ಬಣ್ಣ. ಪಕ್ಕದಲ್ಲಿ ಬಂದು ಕೂತಳೆಂದರೆ ಅವನಿಗೆ ಅವಳ ರೆಪ್ಪೆಯ ಕೂದಲು ಕೂಡ ಕಾಣುತ್ತಿತ್ತು, ಅವಳಿಗೆ ಅವನು ನೀರಿನೊಳಗಿನ ಮುಖ. ಆ ನೀರಿನೊಳಗಿನ ಮುಖ ಅವಳಿಗೆ ಬಲು ಇಷ್ಟವಾಗಿತ್ತು. ಅದರಲ್ಲಿ ಸುಕ್ಕಿರಲಿಲ್ಲ, ನರೆ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ನೋಡಿದ ಮುಖವೇ ಹತ್ತಿರ ಬಂದಷ್ಟೂ ಮೆಲ್ಲಗೆ ಮೂಡಿಬರುತ್ತಿತ್ತು. ದೂರದಲ್ಲಿ ಕೂತರೆ ಮುದುಕ, ಪಕ್ಕಕ್ಕೆ ಬಂದರೆ ಹುಡುಗ. ಇಂಥ ಗಂಡ ಯಾರಿಗುಂಟು?

ಅವಳ ಕೈಗಳಿಗೂ ಹಾಗೆಯೇ ವಯಸ್ಸು ಕಡಿಮೆಯಾಗಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಮೇಲೆ ಮಲಗಿದಾಗ ಅವಳು ಬಟ್ಟೆಯ ಮೇಲೆ ಬಾಗುತ್ತಿದ್ದಳು. ಎಳೆಗಳು ಒಂದರೊಳಗೊಂದು ಕರಗಿ ಬಟ್ಟೆ ತಿಳಿಮಂಜಿನ ಬಯಲಾಗುತ್ತಿತ್ತು. ಅದರೊಳಗೆ ಎಲ್ಲೋ ಸೂಜಿ ಮಿಂಚಿ ಮರೆಯಾಗುತ್ತಿತ್ತು, ಮತ್ತೆ ಮಿಂಚುತ್ತಿತ್ತು. ಕಾಣದಿದ್ದರೇನು, ಕೈ ತನಗೆ ತಿಳಿದ ದಾರಿಯಲ್ಲಿ ತಾನೇ ಹೋಗುತ್ತಿತ್ತು. ಬೀದಿಯ ಸದ್ದು, ಲಾಂಡ್ರಿಯ ಉಗಿಯ ಬಿಸಿ ವಾಸನೆ, ಯಾರದೋ ಮನೆಯ ರೇಡಿಯೋ, ಎಲ್ಲ ಎಲ್ಲಿಂದಲೋ ತೇಲಿಬಂದು ಎಲ್ಲಿಗೋ ಹೋಗುತ್ತಿದ್ದವು. ಅವಳು ಗುನುಗುತ್ತಿದ್ದಳು. ಮೊದಲು ಯಾವತ್ತೂ ಕೆಲಸದ ನಡುವೆ ಗುನುಗಿದವಳಲ್ಲ. ಹಿಂದೆಲ್ಲ ಮೈಯೆಲ್ಲ ಕಣ್ಣಾಗಿ, ಹಲ್ಲುಕಚ್ಚಿ ಕೂತಿರುತ್ತಿದ್ದಳು. ಈಗ ಬಟ್ಟೆ ತಾನಾಗಿ ಕೂಡಿಕೊಳ್ಳುತ್ತಿದೆ, ತಾನು ಸುಮ್ಮನೆ ಜೊತೆಗಿದ್ದೇನೆ ಅನ್ನಿಸುತ್ತಿತ್ತು.

ಮುಗಿದ ಮೇಲೆ ಅತ್ತೆಯ ಪರೀಕ್ಷೆ. ಉಸಿರು ತಾಗುವಷ್ಟು ಹತ್ತಿರ ಹಿಡಿದು ಹುಡುಕುವಳು. ಇಲ್ಲ! ಎಲ್ಲಿ ಹರಿದಿತ್ತು, ಎಲ್ಲಿ ಕೂಡಿಸಿದೆ, ಒಂದೂ ಗೊತ್ತಾಗುತ್ತಿರಲಿಲ್ಲ. ಬಟ್ಟೆ ಎಂದರೆ ಬಟ್ಟೆ, ಒಂದೇ ಸಮ. ವಯಸ್ಸಿನಲ್ಲಿದ್ದಾಗ ಮೂರು ಮೂರು ಸಲ ಬಿಚ್ಚಿ ಮಾಡಿದರೂ ಎಲ್ಲೋ ಒಂದು ಕಡೆ ಸುಳಿವು ಸಿಗುತ್ತಿತ್ತು. ಈಗ ಮೊದಲನೆಯ ಸಲಕ್ಕೇ ಮಾಯ. ಕೈ ಪಳಗುವುದು ಅಂದರೆ ಇದೇ ಇರಬೇಕು, ಅತ್ತೆ ಬದುಕಿದ್ದಿದ್ದರೆ ಮೊಟಕಲು ನೆಪ ಸಿಗದೆ ಒದ್ದಾಡುತ್ತಿದ್ದಳು ಎಂದು ಅವಳು ಒಳಗೊಳಗೇ ಹಿಗ್ಗಿದಳು. ಕಣ್ಣು ಮಂಜಾದಷ್ಟೂ ಕೆಲಸ ಚೆಂದ ಕಾಣುತ್ತಿದೆ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಕಾಣದಿರುವುದೇ ಗೆಲುವು ಎಂದು ಕಲಿತು ಬೆಳೆದವಳು ಅವಳು. ಬಡಗಿಗೋ ಚಿನಿವಾರನಿಗೋ ಕಣ್ಣು ಕೈಕೊಟ್ಟರೆ ಅವತ್ತೇ ಗೊತ್ತಾಗುತ್ತದೆ. ಇವಳಿಗೆ ಮಾತ್ರ ಅದು ಬಹುಮಾನ ಕೊಟ್ಟ ಹಾಗೆ ಬಂತು.

ಬಟ್ಟೆ ಕೊಟ್ಟವರಿಗೆ ಗೊತ್ತಾಗುತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಾಗುತ್ತಿತ್ತು. ಅವಳು ಬಟ್ಟೆ ಹರಡಿ, ಕೈಕಟ್ಟಿ, ಮುಖ ಅರಳಿಸಿಕೊಂಡು "ಹುಡುಕಿ" ಅಂದಾಗ ಅವರ ಕಣ್ಣು ಮೊದಲು ಬೀಳುತ್ತಿದ್ದುದೇ ಆ ಗಂಟುಗಂಟಾದ ಜಾಗದ ಮೇಲೆ. ಆದರೆ ಆ ಮುಖಕ್ಕೆ ಹೇಳುವುದು ಹೇಗೆ? ಅವರು ಬೇಕೆಂದೇ ತೋಳು, ಕಾಲರು, ಜೇಬು ಎಲ್ಲ ತಡವಿ, "ಎಲ್ಲಿ ಅಕ್ಕಾ, ಸಿಗ್ತಾನೇ ಇಲ್ವಲ್ಲ" ಅನ್ನುತ್ತಿದ್ದರು. ಬೀದಿಯ ಜನ ಒಳ್ಳೆಯವರು. ಒಳ್ಳೆಯವರ ಕೈಗೆ ಸಿಕ್ಕಿದವರ ಪಾಡು ಕೆಲವೊಮ್ಮೆ ಹೀಗೂ ಆಗುತ್ತದೆ.

ಪಿಟೀಲು ಮೇಷ್ಟ್ರು ಕೋಟು ತಂದದ್ದು ಆ ದಿನಗಳಲ್ಲಿಯೇ. ಮನೆಮನೆಗೆ ಹೋಗಿ ಪಾಠ ಹೇಳುವ, ಬಡಕಲು ಮೈಯ, ತುಂಬ ಮರ್ಯಾದೆಯ ಮನುಷ್ಯ. ಅವರಿಗಿದ್ದದ್ದು ಅದೊಂದೇ ಕೋಟು, ಕಂದು ಬಣ್ಣದ ಉಣ್ಣೆಯದು. ಯಾರದೋ ಮನೆಯ ಬಾಗಿಲ ಮೊಳೆಗೆ ಸಿಕ್ಕಿ ಬೆನ್ನ ನಟ್ಟನಡುವೆ ಹರಿದಿತ್ತು.

"ಬೆನ್ನಲ್ಲಮ್ಮಾ, ನನಗಂತೂ ಕಾಣಲ್ಲ. ಆದ್ರೆ ಮಕ್ಕಳು ಹಿಂದೆ ನಿಂತು ನಗ್ತಾರೆ" ಅಂದರು ಮೇಷ್ಟ್ರು.

"ಬಿಟ್ಟು ಹೋಗಿ ಮೇಷ್ಟ್ರೇ. ಮೊಳೆ ಹೊಡೆದವನೇ ಬಂದು ಹುಡುಕಿದ್ರೂ ಸಿಗಬಾರದು, ಹಾಗೆ ಮಾಡ್ಕೊಡ್ತೀನಿ" ಅಂದಳು ರಫೂ ಅಕ್ಕ.

ಮಾಡಿದಳು. ಗುನುಗುತ್ತ, ತೇಲುತ್ತ, ಮಂಜಿನ ಬಯಲಲ್ಲಿ ನಡೆದು ಹೋದ ಹಾಗೆ ಮಾಡಿದಳು. ಮುಖಕ್ಕೆ ಹಿಡಿದು ಹುಡುಕಿದಳು, ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಕೆಲಸ ಕೈಯಿಂದ ಬಂದಿರಲಿಲ್ಲ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಬಂದು ಕೋಟನ್ನು ಅತ್ತ ಇತ್ತ ತಿರುಗಿಸಿ, "ನಿಮ್ಮ ಕೈ ಅಂದ್ಮೇಲೆ ಕೇಳ್ಬೇಕೇನಮ್ಮಾ" ಎಂದು ತೊಟ್ಟುಕೊಂಡು ಹೋದರು.

ಆಮೇಲೆ ಕೆಲವು ದಿನಕ್ಕೆ, ಒಂದು ಬೆಳಗ್ಗೆ, ಅವಳು ತರಕಾರಿ ತರಲು ಹೊರಟಿದ್ದಳು. ಎಳೆಬಿಸಿಲು ಬೀದಿಯ ಮೇಲೆ ಓರೆಯಾಗಿ ಬಿದ್ದಿತ್ತು. ದೂರದ್ದು ನೋಡುವುದರಲ್ಲಿ ಅವಳ ಕಣ್ಣಿಗೆ ಯಾವ ಕುಂದೂ ಇರಲಿಲ್ಲ. ಬೀದಿಯ ಕೊನೆಯ ಮನೆಯ ಕಿಟಕಿಯಲ್ಲಿ ಬೆಕ್ಕು ಮೈ ನೆಕ್ಕಿಕೊಳ್ಳುವುದು ಕಾಣುತ್ತಿತ್ತು. ಅಷ್ಟು ದೂರದಲ್ಲಿ ಯಾರೋ ಒಬ್ಬರು ಇವಳಿಗೆ ಬೆನ್ನು ಮಾಡಿಕೊಂಡು ನಡೆದು ಹೋಗುತ್ತಿದ್ದರು. ಆ ಬೆನ್ನು ನೋಡಿ ಅವಳು ಮೂಗು ಮುರಿದಳು.

ಯಾರೋ ರಫೂ ಮಾಡಿದ್ದರು. ರಫೂ ಏನು, ಕೊಲೆ ಮಾಡಿದ್ದರು. ಎಳೆಗಳನ್ನು ಬಿಗಿದೂ ಬಿಗಿದೂ ಬೆನ್ನ ನಡುವೆ ಬಟ್ಟೆ ಹೊಕ್ಕುಳಿನ ಹಾಗೆ ಒಳಕ್ಕೆ ಎಳೆದುಕೊಂಡಿತ್ತು. ಓರೆಬಿಸಿಲಿಗೆ ಒಂದೊಂದು ಗಂಟಿನದೂ ನೆರಳು ಬಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಯಾವ ಕೈಗೇಡಿಯ ಕೆಲಸವಪ್ಪಾ ಇದು, ಮಾಡಿಸಿಕೊಂಡವನಾದರೂ ನೋಡಬಾರದೇ ಎಂದು ಅವಳ ಜೀವ ಚುರುಗುಟ್ಟಿತು. ಕೈಚೀಲವನ್ನು ಸೊಂಟಕ್ಕೆ ಅವಚಿಕೊಂಡು ಬಿರಬಿರನೆ ನಡೆದಳು. ಹಿಡಿದು ನಿಲ್ಲಿಸಿ, "ನನ್ನ ಹತ್ರ ತನ್ನಿ ಸ್ವಾಮೀ, ಸರಿ ಮಾಡ್ಕೊಡ್ತೀನಿ" ಅನ್ನಬೇಕು ಎಂದುಕೊಂಡಳು.

ಹತ್ತಿರವಾದ ಹಾಗೆ ಒಂದು ವಿಚಿತ್ರ ನಡೆಯಿತು. ಆ ಗಂಟುಗಳು ಒಂದೊಂದಾಗಿ ಕರಗಿದವು. ಎಳೆದುಕೊಂಡ ಬಟ್ಟೆ ಮೆಲ್ಲಗೆ ಸಡಿಲಿ ಹರವಾಯಿತು. ಇನ್ನಷ್ಟು ಹತ್ತಿರ ಹೋದಳು. ಕಂದು ಬಣ್ಣ ತಿಳಿಮಂಜಾಗಿ ಒಂದೇ ಸಮನಾಯಿತು. ಅವಳು ಕೈಚಾಚಿ ಮುಟ್ಟುವಷ್ಟು ಹತ್ತಿರ ಬರುವ ಹೊತ್ತಿಗೆ ಆ ಬೆನ್ನಿನಲ್ಲಿ ಹರಿದದ್ದೂ ಇರಲಿಲ್ಲ, ಕೂಡಿಸಿದ್ದೂ ಇರಲಿಲ್ಲ. ಹಾಳಾದ್ದು, ಕನಸೇ ಎಂದುಕೊಳ್ಳುವಷ್ಟರಲ್ಲಿ ಹೆಜ್ಜೆ ಸದ್ದು ಕೇಳಿ ಆ ಮನುಷ್ಯ ತಿರುಗಿದರು. ಪಿಟೀಲು ಮೇಷ್ಟ್ರು.

"ಏನಮ್ಮಾ, ಬೆಳಗ್ಗೆ ಬೆಳಗ್ಗೆ ಓಡ್ತಾ ಬಂದ್ರಿ?"

"ಏನಿಲ್ಲ ಮೇಷ್ಟ್ರೇ... ಕೋಟು... ಬೆಚ್ಚಗಿದೆಯಾ ಅಂತ ಕೇಳೋಣ ಅಂತ" ಅಂದಳು.

"ಬಹಳ ಬೆಚ್ಚಗಿದೆ" ಎಂದು ಮೇಷ್ಟ್ರು ನಕ್ಕು ಮುಂದೆ ಹೋದರು.

ಅವಳು ನಿಂತಲ್ಲೇ ನಿಂತಳು. ಮೇಷ್ಟ್ರು ಒಂದೊಂದು ಹೆಜ್ಜೆ ದೂರವಾದ ಹಾಗೂ ಮಂಜಿನೊಳಗಿನಿಂದ ಆ ಗಂಟುಗಳು ಮತ್ತೆ ಎದ್ದುಬಂದವು. ಬೀದಿಯ ತಿರುವು ಮುಟ್ಟುವ ಹೊತ್ತಿಗೆ ಹೊಕ್ಕುಳು ಮೊದಲಿನ ಹಾಗೇ ಕೂತಿತ್ತು. ಆ ಕೈಗೇಡಿ ಯಾರು ಎಂದು ಇನ್ನು ಕೇಳಬೇಕಾಗಿರಲಿಲ್ಲ.

ತರಕಾರಿಯೂ ಬೇಡ, ಏನೂ ಬೇಡ ಎಂದು ಮನೆಗೆ ಬಂದಳು. ಈಚೆಗೆ ಮಾಡಿಟ್ಟ ಬಟ್ಟೆಗಳು ಮೇಜಿನ ಮೇಲಿದ್ದವು. ಒಂದನ್ನು ಗೋಡೆಗೆ ತೂಗುಹಾಕಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು, ಒಳಕೋಣೆಯ ತುದಿಗೆ ಹೋಗಿ ನಿಂತು ನೋಡಿದಳು. ಇನ್ನೊಂದನ್ನು ತೂಗುಹಾಕಿದಳು. ಗಂಡನ ಪ್ಯಾಂಟು, ಲಾಂಡ್ರಿಯವನ ಹೆಂಡತಿಯ ಶಾಲು, ಯಾರದೋ ಮಗುವಿನ ಸ್ವೆಟರು. ದೂರ ನಿಂತರೆ ಒಂದೊಂದೂ ಅವಳತ್ತ ನೋಡಿ ಹಲ್ಲುಕಿರಿಯುತ್ತಿತ್ತು. ಇಂಥವನ್ನೆಲ್ಲ ತೊಟ್ಟುಕೊಂಡು ಎಷ್ಟು ಜನ ತನ್ನ ಎದುರಿಗೇ ನಗುನಗುತ್ತ ಹೋದರಲ್ಲ ಎಂದು ನೆನೆದು ಮೈ ಹಿಡಿಯಾಯಿತು. ಗುನುಗಿದ್ದು ನೆನಪಾಯಿತು. ಅದೊಂದನ್ನು ಮಾತ್ರ ನೆನೆಯಬಾರದಿತ್ತು.

ಸಂಜೆ ಗಂಡ ಬಂದಾಗ ಕೋಣೆಯಲ್ಲಿ ದೀಪವಿರಲಿಲ್ಲ. ಗೋಡೆಯ ತುಂಬ ಬಟ್ಟೆ. ಅವಳು ಸ್ಟೂಲಿನ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು.

"ರೀ, ನಿಮಗೆ ಗೊತ್ತಿತ್ತಾ?" ಅಂದಳು.

ಅವನು ಗೋಡೆ ನೋಡಿದ, ಅವಳನ್ನು ನೋಡಿದ. ಏನು ಎಂದು ಕೇಳಲಿಲ್ಲ. "ಗೊತ್ತಿತ್ತು" ಅಂದ.

"ಎಷ್ಟು ದಿನದಿಂದ?"

"ದಿನ ಅಲ್ಲ ಕಣೇ. ಬಹಳ ಆಯ್ತು."

"ಲೋಕದೋರ ತಪ್ಪೆಲ್ಲ ಹುಡುಕಿ ಹುಡುಕಿ ಕೆಂಪು ಗೀರು ಹಾಕೋರು ನೀವು! ಒಂದು ಬಿಂದು ತಪ್ಪಿದ್ರೆ ನಿಮಗೆ ನಿದ್ದೆ ಬರಲ್ಲ. ಹೆಂಡತಿ ಮರ್ಯಾದೆ ಊರೋರ ಬೆನ್ನ ಮೇಲೆ ಹರಾಜಾಗ್ತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಲ್ಲ, ಯಾಕ್ರೀ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಒರೆಸುವಂಥ ಕೊಳೆ ಅದರಲ್ಲಿ ಇರಲಿಲ್ಲ. "ನೀನು ಹಾಡ್ಕೋತಾ ಇದ್ದೆ" ಅಂದ. "ಮದುವೆ ಆದಾಗಿಂದ ನೀನು ಕೆಲಸ ಮಾಡೋವಾಗ ನಗೋದು ನಾನು ನೋಡಿರ್ಲಿಲ್ಲ. ಅದರ ಮೇಲೆ ಗೀರು ಹಾಕೋಕೆ ಕೈ ಬರ್ಲಿಲ್ಲ."

ಅವಳು ಜೋರಾಗಿ ಅತ್ತಳು. ಅವನ ಮೇಲಿನ ಕೋಪಕ್ಕೋ, ಆ ಹಾಡಿಗೋ, ಅವಳಿಗೇ ಗೊತ್ತಿರಲಿಲ್ಲ.

ಮಾರನೆಯ ದಿನ ಕಿಟಕಿ ತೆರೆಯಲಿಲ್ಲ. ಲಾಂಡ್ರಿಯವನು ಬಟ್ಟೆ ತಂದರೆ, "ಬೇರೆ ಯಾರಿಗಾದ್ರೂ ಕೊಡಪ್ಪಾ, ನನ್ನದು ಮುಗೀತು" ಎಂದು ಬಾಗಿಲಲ್ಲಿಯೇ ತಿರುಗಿಸಿದಳು. ಅವನು ತಲೆ ಕೆರೆದುಕೊಂಡು, ಜ್ವರವೇನೋ ಎಂದುಕೊಂಡು ಹೋದ. ಅವಳು ಸೂಜಿದಿಂಬನ್ನು ಡ್ರಾಯರಿನೊಳಗೆ ಹಾಕಿದಳು. ಇನ್ನು ಆರಾಮವಾಗಿರುತ್ತೇನೆ, ದುಡಿದದ್ದು ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಕೈಗಳಿಗೆ ಯಾರು ಹೇಳಬೇಕು? ಟೀ ಆರುವವರೆಗೆ ಸುಮ್ಮನೆ ಕೂತಾಗ ಅವು ತಾವಾಗಿ ಟವೆಲಿನ ಅಂಚಿನಿಂದ ಎಳೆ ಬಿಡಿಸತೊಡಗುತ್ತಿದ್ದವು. ಸಂಜೆ ನೋಡಿದರೆ ಟವೆಲು ಅರ್ಧ ಬಿಚ್ಚಿಹೋಗಿರುತ್ತಿತ್ತು. ಕೆಲವು ದಿನ ಹೀಗೇ ಹೋಯಿತು. ಬೀದಿಯಲ್ಲಿ ಯಾರೋ "ರಫೂ ಅಕ್ಕಾ" ಎಂದು ಕರೆದಾಗ ಅವಳು ತಿರುಗಿ ನೋಡಲಿಲ್ಲ. ಆ ಹೆಸರಿನವಳು ಇಲ್ಲಿ ಇಲ್ಲ ಅನ್ನಬೇಕೆನಿಸಿತು. ಹಾಗಾದರೆ ಇಲ್ಲಿರುವವಳು ಯಾರು ಎಂದು ಕೇಳಿಕೊಂಡಾಗ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಆ ಹೆದರಿಕೆಯೇ ಅವಳನ್ನು ಕನ್ನಡಕದ ಅಂಗಡಿಗೆ ಎಳೆದೊಯ್ದಿತು. ಅಲ್ಲಿದ್ದ ಹೆಣ್ಣುಮಗಳು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದಳು. ರಫೂ ಅಕ್ಕ ಮೇಲಿನಿಂದ ಕೆಳಗಿನವರೆಗೆ ಗಡಗಡ ಓದಿ, ಅಡಿಯಲ್ಲಿದ್ದ ಮುದ್ರಕರ ಹೆಸರನ್ನೂ ಬಿಡದೆ ಓದಿದಳು.

"ಅದು ಓದೋದು ಬೇಡಮ್ಮಾ" ಎಂದು ನಕ್ಕು ಆ ಹೆಣ್ಣುಮಗಳು ಕೈಗೊಂದು ಸಣ್ಣ ಕಾರ್ಡು ಕೊಟ್ಟಳು. ಅದರಲ್ಲಿ ಬರೀ ಮಂಜು. ಆಮೇಲೆ ಗಾಜೊಂದನ್ನು ಕಣ್ಣೆದುರು ಇಟ್ಟಾಗ ಮಂಜು ಸರಕ್ಕನೆ ಸರಿದು ಅಕ್ಷರಗಳು ಎದ್ದು ನಿಂತವು. ಕಾರ್ಡು ಹಿಡಿದಿದ್ದ ಕೈಯೂ ಕಂಡಿತು. ಒಣಗಿದ ಚರ್ಮ, ಗಂಟುಬಿದ್ದ ಬೆರಳು, ಎಡಗೈ ಹೆಬ್ಬೆರಳ ತುಂಬ ಸೂಜಿ ಚುಚ್ಚಿದ ಕಪ್ಪು ಚುಕ್ಕಿ. ಯಾರೋ ಮುದುಕಿ ಪಕ್ಕದಲ್ಲಿ ಕೂತು ಕೈಚಾಚಿದ್ದಾಳೆ ಎಂದುಕೊಂಡು ಅವಳು ಬೆಚ್ಚಿ ಆಚೀಚೆ ನೋಡಿದಳು.

ಮನೆಗೆ ಬಂದು ಹೊಸ ಕನ್ನಡಕ ಹಾಕಿಕೊಂಡೇ ಗಂಡನ ಪಕ್ಕದಲ್ಲಿ ಕೂತಳು. ಹುಬ್ಬಿನಲ್ಲಿ ನೆಟ್ಟಗೆ ನಿಂತ ಬಿಳಿಕೂದಲು, ಕೆನ್ನೆಯ ಮೇಲೆ ಗೀರುಗೀರು, ಕಣ್ಣಡಿಯಲ್ಲಿ ಚೀಲ. ನೀರಿನೊಳಗಿನ ಹುಡುಗ ಹೊರಟುಹೋಗಿದ್ದ.

"ಏನೇ ಹಾಗೆ ನೋಡ್ತೀಯ?" ಅಂದ ಅವನು, ಮದುವೆಗಂಡಿನ ಹಾಗೆ ನಾಚಿ.

"ಯಾವಾಗ್ರೀ ಇಷ್ಟು ಮುದುಕರಾದ್ರಿ?"

"ನೀನು ಆ ಕಡೆ ನೋಡ್ತಿದ್ದಾಗ."

ಅವಳಿಗೆ ನಗು ಬಂತು, ಅದರ ಹಿಂದೆಯೇ ದುಃಖವೂ ಬಂತು. ಆ ಹುಡುಗನಿಗಾಗಿ ಅವಳು ಸ್ವಲ್ಪ ಹೊತ್ತು ಅತ್ತಳು. ಅದನ್ನು ಈ ಮುದುಕ ತಪ್ಪು ತಿಳಿಯಲಿಲ್ಲ.

ಮರುದಿನ ಪಿಟೀಲು ಮೇಷ್ಟ್ರ ಮನೆಗೆ ಹೋಗಿ, "ಕೋಟು ಕೊಡಿ" ಅಂದಳು.

"ಯಾಕಮ್ಮಾ, ಚೆನ್ನಾಗೇ ಇದೆಯಲ್ಲ?"

"ಚೆನ್ನಾಗಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತಾಯ್ತು."

ಮೇಷ್ಟ್ರು ಕೋಟು ಬಿಚ್ಚಿದರು. ಮಡಿಸಿ ಕೈಗಿಡುವಾಗ ದನಿ ತಗ್ಗಿಸಿ, "ನನ್ನ ಶ್ರುತಿ ತಪ್ಪಿದ ದಿನ ನೀವೂ ಹೀಗೇ ಬಂದು ಹೇಳ್ಬೇಕು. ಮಕ್ಕಳು ಹೇಳಲ್ಲ, ಪಾಪ" ಅಂದರು.

ಕಿಟಕಿ ತೆರೆಯಿತು. ಹಳೆಯ ರಫೂ ಬಿಚ್ಚುವುದಕ್ಕೇ ಒಂದು ಮಧ್ಯಾಹ್ನ ಹೋಯಿತು. ಕನ್ನಡಕದೊಳಗಿನಿಂದ ನೋಡಿದರೆ ಎಳೆಗಳು ಹಗ್ಗದಷ್ಟು ದಪ್ಪ. ಒಂದಕ್ಕೊಂದು ಸುತ್ತಿ, ದಾರಿ ತಪ್ಪಿ, ಎಲ್ಲೆಲ್ಲೋ ನುಗ್ಗಿದ್ದವು. ಮಂಜಿನಲ್ಲಿ ತೇಲಿ ಕಲಿತ ಕೈ ಈಗ ಬೆಳಕಿನಲ್ಲಿ ಎಡವಿತು. ತಲೆ ಕೊಂಚ ಎತ್ತಿದರೆ ಬಟ್ಟೆ ಮಸುಕು, ಕೊಂಚ ಬಗ್ಗಿಸಿದರೆ ಮತ್ತೆ ಮಸುಕು, ಒಂದೇ ಅಳತೆಯಲ್ಲಿ ಕುತ್ತಿಗೆ ಹಿಡಿದು ಕೂರಬೇಕು. ಗಂಟೆಗೊಮ್ಮೆ ಕನ್ನಡಕವನ್ನೂ, ಅದನ್ನು ಕಂಡುಹಿಡಿದವನನ್ನೂ ಬೈದಳು. ಮಡಿಕೆಯ ಎಳೆ ಹಿಂದಿನ ಸಲವೇ ತೀರಿಹೋಗಿತ್ತು, ಕಾಲರಿನ ಒಳಗಿನಿಂದ ತೆಗೆದಳು. ಹಾಸಿದಳು, ಹೊಕ್ಕು ಹಾಕಿದಳು. ಗುನುಗು ಬರಲಿಲ್ಲ. ಹಲ್ಲುಕಚ್ಚಿದ್ದಳು.

ಮುಗಿದ ಮೇಲೆ ಮುಖಕ್ಕೆ ಹತ್ತಿರ ಹಿಡಿದು ಹುಡುಕಿದಳು. ಸಿಗಲಿಲ್ಲ. ಹಿಂದೆಯೂ ಸಿಕ್ಕಿರಲಿಲ್ಲವಲ್ಲ! ಕಾಣುತ್ತಿಲ್ಲ ಎಂಬುದನ್ನು ಇನ್ನು ಹೇಗೆ ನಂಬುವುದು? ಬೀದಿಯವರನ್ನು ಕೇಳಿ ಪ್ರಯೋಜನವಿಲ್ಲ, ಅವರು ಒಳ್ಳೆಯವರು. ಆಗ ತಾನೇ ಅಚ್ಚುಕೂಟದಿಂದ ಬಂದ ಗಂಡನ ಮುಂದೆ ಕೋಟು ಇಟ್ಟಳು.

"ನೋಡಿ ಹೇಳಿ. ಪ್ರೂಫ್ ನೋಡೋ ಹಾಗೆ ನೋಡ್ಬೇಕು. ನನ್ನ ಮುಖ ನೋಡಿ ಹೇಳಿದ್ರೆ ನಾಳೆಯಿಂದ ಈ ಕೆಲಸ ಮುಟ್ಟಲ್ಲ" ಅಂದಳು.

ಅವನು ಕನ್ನಡಕ ತೆಗೆದಿಟ್ಟು ಕೋಟಿನ ಬೆನ್ನನ್ನು ಮೂಗಿಗೆ ತಾಗಿಸಿಕೊಂಡ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಸಾಲು ಸಾಲಾಗಿ ಅವನ ಮುಖ ಸರಿಯಿತು. ಒಂದು ಕಡೆ ನಿಂತಿತು. ಮುಂದೆ ಹೋಯಿತು. ಹಿಂದಕ್ಕೆ ಬಂದು ಅಲ್ಲೇ ನಿಂತಿತು. ಅವನು ಬಹಳ ಹೊತ್ತು ತಲೆಯೆತ್ತಲಿಲ್ಲ. ಎತ್ತಿದರೆ ಅವಳಿಗೆ ಉತ್ತರ ಹೇಳಬೇಕಲ್ಲ ಎಂದು ಹೆದರಿದ್ದನೋ ಏನೋ. ಚೆನ್ನಾಗಿದೆ ಅಂದುಬಿಟ್ಟರೆ ಅದನ್ನು ನಂಬಲಾಗದು, ಅಲ್ಲಿಗೆ ತನ್ನ ಕಥೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

"ಕಾಣ್ಸುತ್ತೆ" ಅಂದ ಅವನು.

"ಎಲ್ಲಿ?"

ಉಗುರಿನ ತುದಿ ಇಟ್ಟು ತೋರಿಸಿದ. "ಇಲ್ಲಿ. ಒಂದೇ ಒಂದು ಎಳೆ. ಕೆಳಗೆ ಹೋಗ್ಬೇಕಾದ್ದು ಮೇಲೆ ಹೋಗಿದೆ."

ಅವಳು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದಳು. ಹೌದು, ಹೋಗಿತ್ತು. ಅವಳ ಕಣ್ಣು ತುಂಬಿಬಂತು. ಇಷ್ಟು ವರ್ಷ ಊರೆಲ್ಲ ಹೊಗಳಿದಾಗಲೂ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ನರೆತ ಕೂದಲಿಗೆ ಕೆನ್ನೆಯೊತ್ತಿದಳು.

"ಮೇಷ್ಟ್ರು ಇನ್ನೊಂದು ದಿನ ಚಳೀಲಿ ಇರ್ಲಿ ಬಿಡಿ" ಎಂದು ಸ್ಟೂಲನ್ನು ಕಿಟಕಿಗೆ ಎಳೆದುಕೊಂಡು, ಆ ಎಳೆಯನ್ನು ಬಿಚ್ಚಲು ಕುಳಿತಳು.